ಹಚ್ಚದ ಬಣ್ಣ ಇಳಿಯಿತು!



ಈ ವಾರ ಯಾವ ನಾಯಕನಿಗೂ ಯಾವ ನಾಯಕಿಗೂ ಗಂಟು ಹಾಕೋದಿಲ್ಲ. ಯಾವ ನಿರ್ಮಾಪಕರು ಯಾರಿಗೆ ಚೆಕ್ ಕೊಟ್ಟರು, ಆ ಚೆಕ್ ಎಷ್ಟು ಸಲ ವಾಪಸ್ ಬಂತು ಅನ್ನೋ ಸುದ್ದಿಯೂ ಇಲ್ಲ. ಈ ವಾರ ಅಂಕಣದ ಕಥಾನಾಯಕ ನಾನೇ! ನಗಬೇಡಿ, ಪೂರ್ತಿ ಓದಿ.

ಒಂದೂವರೆ ವರ್ಷದಿಂದ ನಿಮ್ಮ ಪತ್ರಗಳಲ್ಲಿ ಒಂದೇ ಪ್ರಶ್ನೆ. "ಅಂಕಣದ ಮೇಲಿದ್ದ ನಿಮ್ಮ ಫೋಟೋ ಎಲ್ಲಿ ಹೋಯ್ತು? ಮುಹೂರ್ತಗಳಲ್ಲಿ ನಿಮ್ಮ ಮುಖವೇ ಕಾಣೋದಿಲ್ಲವಲ್ಲ, ಮದುವೆ ಆಯ್ತಾ?" ಅಂತ. ಮದುವೆ ಆಗಿಲ್ಲ ಸ್ವಾಮಿ. ನನಗೆ ಕುಷ್ಠರೋಗ ಬಂದಿತ್ತು. ಈಗ ಇಲ್ಲ. ಪೂರ್ತಿ ವಾಸಿಯಾಗಿದೆ.

ಈ ಎರಡು ಸಾಲು ಬರೆಯೋಕೆ ನಾಲ್ಕು ಹಾಳೆ ಹರಿದು ಹಾಕಿದ್ದೇನೆ. ಬರೆದ ಮೇಲೆ ಸಂಪಾದಕರಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು "ಹಾಕೋಣ" ಅಂದರು. ಅಷ್ಟೇ!

ಕಾವಲಿ ಸುಟ್ಟಿದ್ದು ಗೊತ್ತಾಗಲಿಲ್ಲ

ನನ್ನ ಮನೆ ಹೇರೋಹಳ್ಳಿ. ಮಾಗಡಿ ರಸ್ತೆಯಲ್ಲಿ ಕಾಮಾಕ್ಷಿಪಾಳ್ಯ, ಸುಮನಹಳ್ಳಿ, ಸುಂಕದಕಟ್ಟೆ ದಾಟಿ ಬಂದರೆ ನಮ್ಮೂರು. ಊರು ಅಂದೆ, ಈಗ ಎಲ್ಲ ಬೆಂಗಳೂರೇ. ಕೆರೆ ಮಾತ್ರ ಇನ್ನೂ ಹೇರೋಹಳ್ಳಿ ಕೆರೆ. ಅಮ್ಮ ಗಾರ್ಮೆಂಟ್ಸ್‌ನಲ್ಲಿ ದುಡಿದು ಇಬ್ಬರು ಮಕ್ಕಳನ್ನ ಸಾಕಿದಳು. ನಾನು ಪಿಯುಸಿ ಅರ್ಧಕ್ಕೇ ಬಿಟ್ಟು ಸಿನಿಮಾ ಹಿಂದೆ ಬಿದ್ದೆ. ಹೀರೋ ಆಗೋಕೆ ಮುಖ ಸಾಲದು, ಅದಕ್ಕೇ ಹೀರೋಗಳ ಬಗ್ಗೆ ಬರೆದು ಹೊಟ್ಟೆ ಹೊರೀತಿದ್ದೀನಿ.

ಮೊದಲು ಬಂದದ್ದು ಎಡಗೈ ಮೇಲೆ ಒಂದು ಮಚ್ಚೆ. ಎಂಟಾಣೆ ನಾಣ್ಯದಷ್ಟಗಲ. ಸುತ್ತಲ ಚರ್ಮಕ್ಕಿಂತ ಸ್ವಲ್ಪ ಪೇಲವ. ನೋವಿಲ್ಲ, ನವೆ ಇಲ್ಲ. ಮೆಡಿಕಲ್ ಶಾಪ್ ಒಂದರಲ್ಲಿ ತೋರಿಸಿದೆ. "ಹುಳುಕಡ್ಡಿ ಕಣ್ರೀ" ಅಂತ ಒಂದು ಟ್ಯೂಬ್ ಕೊಟ್ಟರು. ಹಚ್ಚಿದೆ. ಮಚ್ಚೆ ಎರಡಾಯ್ತು. ಇನ್ನೊಂದು ಟ್ಯೂಬ್ ಕೊಟ್ಟರು, ಅದರಲ್ಲಿ ಸ್ಟೀರಾಯ್ಡ್ ಇತ್ತಂತೆ, ಆಮೇಲೆ ಗೊತ್ತಾಯ್ತು. ಬೆನ್ನು, ತೊಡೆ ಸೇರಿ ಏಳಾಯ್ತು. ಅಂಗಿ ಮುಚ್ಚುತ್ತಲ್ಲ ಅಂತ ನಾನೂ ಸುಮ್ಮನಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅಮ್ಮ ದೋಸೆ ಹುಯ್ಯುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಅದ್ಯಾವುದೋ ಚಿತ್ರದ ಕಥೆ ಹೇಳ್ತಾ ಇದ್ದೆ. "ಏಯ್, ಕೈ ಕಣೋ!" ಅಂತ ಅಮ್ಮ ಚೀರಿದಳು. ನೋಡಿದರೆ ನನ್ನ ಎಡಗೈಯ ಕಿರುಬೆರಳ ಅಂಚು ಕಾದ ಕಾವಲಿಗೆ ತಾಗಿಕೊಂಡೇ ಇದೆ. ಚರ್ಮ ಬೆಳ್ಳಗೆ ಬೊಬ್ಬೆ ಎದ್ದಿದೆ. ನನಗೆ ಬಿಸಿಯೂ ಗೊತ್ತಾಗಿಲ್ಲ, ಉರಿಯೂ ಗೊತ್ತಾಗಿಲ್ಲ!

ಅವತ್ತು ಹೆದರಿದೆ ನೋಡಿ.

ಹತ್ತಿಯ ಎಳೆ ಹೇಳಿದ ಸತ್ಯ

ಮಾರನೇ ದಿನ ಸರ್ಕಾರಿ ಆಸ್ಪತ್ರೆ. ಚರ್ಮದ ಡಾಕ್ಟರಮ್ಮ ನನ್ನ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಮೈ ಮುಟ್ಟುತ್ತಾ ಹೋದರು. "ಎಲ್ಲಿ ಮುಟ್ಟಿದೆ, ಬೆರಳಿಟ್ಟು ತೋರಿಸಿ" ಅಂದರು. ಒಳ್ಳೆ ಚರ್ಮ ಮುಟ್ಟಿದಾಗೆಲ್ಲ ತೋರಿಸಿದೆ. ಮಚ್ಚೆ ಮುಟ್ಟಿದಾಗ ಸುಮ್ಮನೆ ಕೂತಿದ್ದೆ, ಅವರು ಮುಟ್ಟೇ ಇಲ್ಲ ಅಂದುಕೊಂಡು. ಆಮೇಲೆ ಮೊಣಕೈ ಒಳಗಿನ ನರ ಹಿಡಿದು ನೋಡಿದರು. ಹಗ್ಗದ ಹಾಗೆ ದಪ್ಪವಾಗಿತ್ತಂತೆ.

"ಇದು ಕುಷ್ಠ. ಮಾತ್ರೆ ಇದೆ, 12 ತಿಂಗಳು. ದುಡ್ಡು ಬೇಡ. ವಾಸಿಯಾಗುತ್ತೆ. ಅರ್ಥ ಆಯ್ತಾ?" ಅಂದರು.

ನನಗೆ ಅರ್ಥ ಆದದ್ದು ಮೊದಲನೇ ಮಾತು ಮಾತ್ರ. ಆ ಕ್ಷಣ ಕಣ್ಣ ಮುಂದೆ ಬಂದದ್ದು ಏನು ಗೊತ್ತಾ? ಸಿನಿಮಾ! ನಮ್ಮಂಥವರಿಗೆ ಬೇರೇನು ಬರುತ್ತೆ? 1954ರಲ್ಲಿ ತಮಿಳಿನಲ್ಲಿ ಎಂ. ಆರ್. ರಾಧಾ ಅವರ 'ರಕ್ತ ಕಣ್ಣೀರ್' ಬಂತು. 2003ರಲ್ಲಿ ಕನ್ನಡದಲ್ಲಿ ಸಾಧು ಕೋಕಿಲ ನಿರ್ದೇಶನದಲ್ಲಿ ಉಪೇಂದ್ರ ಅವರ 'ರಕ್ತ ಕಣ್ಣೀರು' ಬಂತು. ಡೈಲಾಗಿಗೆ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಟಿವಿಯಲ್ಲಿ ಎಷ್ಟು ಸಲ ನೋಡಿದ್ದೀನೋ ಲೆಕ್ಕವಿಲ್ಲ. ಅಭಿನಯದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಥೆ ಹೇಳೋದೇನು? ಸೂಳೆಮನೆ ಸೇರಿ ಹೆತ್ತವಳನ್ನ ಮರೆತವನಿಗೆ ಕುಷ್ಠ ಬರುತ್ತೆ, ಅದು ಪಾಪದ ಸಂಬಳ ಅಂತ.

ನಾನು ಯಾವ ಪಾಪ ಮಾಡಿದ್ದೆ? ಪಿಯುಸಿ ಬಿಟ್ಟದ್ದಾ?

ಡಾಕ್ಟರಮ್ಮ ನಕ್ಕುಬಿಟ್ಟರು. ಇದು ಪಾಪವೂ ಅಲ್ಲ, ಶಾಪವೂ ಅಲ್ಲ, ಒಂದು ಬ್ಯಾಕ್ಟೀರಿಯಾ. 1873ರಲ್ಲೇ ನಾರ್ವೆಯ ಹ್ಯಾನ್ಸನ್ ಅನ್ನೋ ಡಾಕ್ಟರು ಅದನ್ನ ಕಂಡುಹಿಡಿದಿದ್ದಾರೆ. ಮುಟ್ಟಿದ ತಕ್ಷಣ ಅಂಟೋದಲ್ಲ. ಔಷಧಿ ತಗೊಳ್ಳದ ರೋಗಿಯ ಜೊತೆ ಬಹಳ ಕಾಲ ಹತ್ತಿರ ಇದ್ದರೆ, ಮೂಗು-ಬಾಯಿಯ ತುಂತುರಿನಿಂದ ಬರಬಹುದು. ಅದರಲ್ಲೂ ಬಹುಪಾಲು ಜನರ ಮೈ ಅದನ್ನ ತಾನೇ ಸೋಲಿಸುತ್ತೆ. ಬಂದರೂ ಕಾಣಿಸಿಕೊಳ್ಳೋಕೆ ವರ್ಷಗಟ್ಟಲೆ, ಕೆಲವು ಸಲ 20 ವರ್ಷ ಹಿಡಿಯುತ್ತೆ. ಹಾಗಾಗಿ ಯಾರಿಂದ ಬಂತು ಅಂತ ಹುಡುಕಿ ಪ್ರಯೋಜನ ಇಲ್ಲ. ನಾನೂ ಹುಡುಕಲಿಲ್ಲ.

ತೊನ್ನು ಬೇರೆ, ಇದು ಬೇರೆ. ತೊನ್ನು ಹಾಲಿನ ಹಾಗೆ ಬಿಳುಪು, ಅಲ್ಲಿ ಸ್ಪರ್ಶ ಇರುತ್ತೆ, ಯಾರಿಗೂ ಅಂಟೋದಿಲ್ಲ. ಕುಷ್ಠದ ಮಚ್ಚೆ ಪೇಲವ, ಇಲ್ಲವೇ ನಸುಗೆಂಪು. ಮುಟ್ಟಿದರೆ ಗೊತ್ತಾಗದಿರೋದೇ ಅದರ ಗುರುತು.

ಮಾತ್ರೆಯೇ ಒಂದು ಬಣ್ಣ!

ಮಾತ್ರೆ ಪಟ್ಟಿ ಕೈಗೆ ಬಂತು. ಒಂದು ಪಟ್ಟಿ 28 ದಿನಕ್ಕೆ. ಮೂರು ಔಷಧಿ ಸೇರಿದ್ದು: ರಿಫಾಂಪಿಸಿನ್, ಡ್ಯಾಪ್ಸೋನ್, ಕ್ಲೋಫಜಿಮಿನ್. ಈ ಬಹು ಔಷಧಿ ಪದ್ಧತಿ ಬಂದದ್ದು 1980ರ ದಶಕದ ಆರಂಭದಲ್ಲಿ. ಅಂದರೆ ಕನ್ನಡದ 'ರಕ್ತ ಕಣ್ಣೀರು' ತೆರೆಗೆ ಬರೋ ಹೊತ್ತಿಗೆ ಈ ರೋಗ ವಾಸಿಯಾಗೋಕೆ ಶುರುವಾಗಿ 20 ವರ್ಷ ಆಗಿತ್ತು. ಚಿತ್ರದ ನಾಯಕನಿಗೆ ಯಾರಾದರೂ ಒಂದು ಪಟ್ಟಿ ಕೊಟ್ಟಿದ್ದರೆ ಇಂಟರ್‌ವಲ್‌ಗೇ ಶುಭಂ!

ತಿಂಗಳಿಗೊಮ್ಮೆ ರಿಫಾಂಪಿಸಿನ್ ದೊಡ್ಡ ಡೋಸು ನರ್ಸ್ ಮುಂದೆಯೇ ನುಂಗಬೇಕು. ಅವತ್ತು ಮೂತ್ರ ಕೆಂಪಗೆ ಹೋಗುತ್ತೆ. ಬೆವರು, ಕಣ್ಣೀರಿಗೂ ಆ ಬಣ್ಣ ಬರಬಹುದು ಅಂದರು. ಮೊದಲ ಡೋಸಿನ ರಾತ್ರಿ ಅತ್ತೆ. ಕರವಸ್ತ್ರ ನೋಡಿದೆ, ಕಿತ್ತಳೆ ಬಣ್ಣ. ನನ್ನದೂ ಒಂದು ರಕ್ತ ಕಣ್ಣೀರು ಆಯ್ತಲ್ಲಪ್ಪಾ ಅಂತ ಅಳುತ್ತಲೇ ನಗು ಬಂತು.

ಆಶಾ ಅಕ್ಕ ಮನೆಗೆ ಬಂದು ಅಮ್ಮನಿಗೂ ತಂಗಿಗೂ ಒಂದೊಂದು ಡೋಸ್ ರಿಫಾಂಪಿಸಿನ್ ಕೊಟ್ಟರು, ರೋಗ ಬರದಂತೆ ಮುಂಜಾಗ್ರತೆಗೆ. ಔಷಧಿ ಶುರುವಾದ ಮೇಲೆ ನನ್ನಿಂದ ಯಾರಿಗೂ ಹರಡೋ ಭಯ ಇಲ್ಲ ಅಂದರು. ಅಮ್ಮ ಆವರೆಗೆ ನನ್ನ ತಟ್ಟೆ ಬೇರೆ ಇಟ್ಟಿದ್ದಳು. ಅಕ್ಕ ಹೋದ ಮೇಲೆ ಏನೂ ಮಾತಾಡದೆ ಅದನ್ನ ತೊಳೆದು ಎಲ್ಲರ ತಟ್ಟೆ ಜೊತೆ ಜೋಡಿಸಿದಳು.

ಇಲ್ಲಿಗೆ ಕಥೆ ಸುಖಾಂತ್ಯ ಆಗಬೇಕಿತ್ತು. ಆಗಲಿಲ್ಲ. ಮೂರನೇ ತಿಂಗಳಿಂದ ನಾನು ಕಪ್ಪಾಗತೊಡಗಿದೆ.

ಬಿಸಿಲಿಗೆ ಕಪ್ಪಾಗೋ ಹಾಗಲ್ಲ. ಕೆಂಪು ಬೆರೆತ ಕಪ್ಪು, ತೊಳೆಯದ ತಾಮ್ರದ ಚೊಂಬಿನ ಬಣ್ಣ. ಮಚ್ಚೆ ಇದ್ದ ಜಾಗ ಇನ್ನೂ ಗಾಢ. ಮೊಣಕಾಲ ಕೆಳಗೆ ಚರ್ಮ ಒಣಗಿ ಮೀನಿನ ಪೊರೆಯ ಹಾಗೆ ಬಿರಿದು ನಿಂತಿತು. ಅಂಗಿ ಮುಚ್ಚುತ್ತಿದ್ದ ರೋಗ ಹೋಯ್ತು, ಅಂಗಿ ಮುಚ್ಚಲಾರದ ಬಣ್ಣ ಬಂತು!

ಇದು ಕ್ಲೋಫಜಿಮಿನ್ ಮಹಿಮೆ. 1950ರ ದಶಕದಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಕ್ಷಯಕ್ಕೆ ಔಷಧಿ ಹುಡುಕುವಾಗ ಸಿಕ್ಕಿದ್ದಂತೆ. ಅದು ಮೂಲದಲ್ಲೇ ಕೆಂಪು ಬಣ್ಣದ ರಾಸಾಯನಿಕ. ಮೈಯ ಕೊಬ್ಬಿನಲ್ಲಿ, ಚರ್ಮದಲ್ಲಿ ಸೇರಿಕೊಂಡು ನಿಧಾನವಾಗಿ ಹೋಗುತ್ತೆ. ಮೇಕಪ್‌ನವರು ಬಣ್ಣ ಹೊರಗಿನಿಂದ ಹಚ್ಚುತ್ತಾರೆ, ಇದು ಒಳಗಿನಿಂದ ಹಚ್ಚಿಕೊಂಡು ಬರುತ್ತೆ. ರೋಗ ಹೆಚ್ಚಾದ ಗುರುತು ಅಲ್ಲ, ಔಷಧಿ ಒಳಗೆ ಸೇರಿದ ಗುರುತು. ಡಾಕ್ಟರಮ್ಮ ಮೊದಲೇ ಹೇಳಿದ್ದರು. ಆದರೆ ಬಸ್ಸಿನಲ್ಲಿ ಪಕ್ಕದ ಸೀಟಿನವನು ಎದ್ದು ಹೋಗಿ ನಿಂತುಕೊಂಡಾಗ ಆ ಮಾತು ಎಲ್ಲಿ ನೆನಪಿಗೆ ಬರುತ್ತೆ?

ಒಂಬತ್ತು ದಿನದ ತಪ್ಪು

ಒಂದು ಪತ್ರಿಕಾಗೋಷ್ಠಿಯಲ್ಲಿ ನಾಯಕಿ ಎಲ್ಲರ ಕೈ ಕುಲುಕಿ ನನಗೆ ಮಾತ್ರ ಕೈ ಮುಗಿದಳು. ಅವಳ ತಪ್ಪಿಲ್ಲ ಬಿಡಿ. ಅವತ್ತೇ ನಾನು ಗೋಷ್ಠಿಗಳಿಗೆ ಹೋಗೋದು ಬಿಟ್ಟೆ. ಫೋನಿನಲ್ಲೇ ಸುದ್ದಿ ಹಿಡಿದು ಬರೆದೆ. ಫೋಟೋ ತೆಗೆಸಿಬಿಟ್ಟೆ.

ಐದನೇ ತಿಂಗಳು ತಂಗಿಯನ್ನ ನೋಡೋಕೆ ಗಂಡಿನ ಕಡೆಯವರು ಬರೋದಿತ್ತು. ಸೋದರಮಾವ ಅಮ್ಮನನ್ನ ಪಕ್ಕಕ್ಕೆ ಕರೆದು "ಅಕ್ಕಾ, ಅವತ್ತು ಇವನನ್ನ ಎಲ್ಲಾದ್ರೂ ಕಳಿಸು" ಅಂದ. ಗೋಡೆ ತೆಳ್ಳಗಿತ್ತು, ಕೇಳಿಸಿತು. ತಂಗಿ ಬಿಡಲಿಲ್ಲ. "ಅಣ್ಣ ಇಲ್ಲದಿದ್ರೆ ನಾನೂ ಕೂರಲ್ಲ" ಅಂದಳು. ಬಂದವರು ಉಪ್ಪಿಟ್ಟು ತಿಂದರು. ಹುಡುಗನ ತಾಯಿ ನನ್ನನ್ನೇ ನೋಡುತ್ತಿದ್ದರು. "ಏನದು ಮೈ ಬಣ್ಣ?" ಅಂದರು. ತಂಗಿ ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಟ್ಟಳು. ಕಾಫಿ ಲೋಟ ಅರ್ಧಕ್ಕೇ ಕೆಳಗಿಟ್ಟು ಎದ್ದರು. ಮತ್ತೆ ಫೋನ್ ಬರಲಿಲ್ಲ.

"ಹೋಗ್ಲಿ ಬಿಡಣ್ಣಾ" ಅಂದಳು ತಂಗಿ. ನನಗೆ ಬಿಡೋಕೆ ಆಗಲಿಲ್ಲ. ಪರಿಚಯದ ಮೇಕಪ್ ಅಣ್ಣನ ಹತ್ತಿರ ಹೋದೆ. ಮೂವತ್ತು ವರ್ಷ ಮುಖಗಳಿಗೆ ಬಣ್ಣ ಹಚ್ಚಿದ ಕೈ ಅದು. ಅಣ್ಣ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. "ಮುಚ್ಚಬಹುದು ಕಣೋ ತಮ್ಮಾ. ಆದ್ರೆ ಬೆವರಿಗೆ ನಿಲ್ಲಲ್ಲ, ದಿನಾ ಹಚ್ಚೋಕಾಗಲ್ಲ. ಒಳಗಿಂದ ಬಂದಿದ್ದು ಒಳಗಿಂದಲೇ ಹೋಗ್ಬೇಕು" ಅಂದರು.

ನಾನು ಅದನ್ನ ನನಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡೆ. ಮಾತ್ರೆ ನಿಲ್ಲಿಸಿಬಿಟ್ಟೆ! ಯಾರಿಗೂ ಹೇಳಲಿಲ್ಲ. ದಿನಾ ಒಂದೊಂದು ಮಾತ್ರೆ ಪಟ್ಟಿಯಿಂದ ತೆಗೆದು ಕಿಟಕಿಯಿಂದಾಚೆ ಎಸೆದೆ. ಹೀಗೆ ಒಂಬತ್ತು ದಿನ.

ಓದುಗ ಮಿತ್ರರೇ, ಈ ಅಂಕಣ ಬರೆದದ್ದೇ ಈ ಒಂಬತ್ತು ದಿನಕ್ಕಾಗಿ. ಬಣ್ಣಕ್ಕೆ ಹೆದರಿ ಮಾತ್ರೆ ಬಿಟ್ಟವನು ನಾನೊಬ್ಬನೇ ಅಲ್ಲ. ಅರ್ಧಕ್ಕೆ ಬಿಟ್ಟರೆ ಬ್ಯಾಕ್ಟೀರಿಯಾ ಉಳಿಯುತ್ತೆ, ಒಳಗೊಳಗೇ ನರ ತಿನ್ನುತ್ತೆ. ಬಣ್ಣ ಹೋಗಿ ಬರೋ ನೆಂಟ. ನರ ಸತ್ತರೆ ವಾಪಸ್ ಬರೋದು ಬಹಳ ಕಷ್ಟ.

ಸುಮನಹಳ್ಳಿ ಸ್ಟಾಪಿನ ಟೀ

ಹತ್ತನೇ ದಿನ ಬಸ್ಸಿನಿಂದ ಸುಮನಹಳ್ಳಿಯಲ್ಲಿ ಇಳಿದೆ. ಮಾಗಡಿ ರಸ್ತೆಗೆ ಹೊರವರ್ತುಲ ರಸ್ತೆ ಕೂಡೋ ಜಾಗ. ಚಿಕ್ಕಂದಿನಿಂದ ಸಾವಿರ ಸಲ ದಾಟಿದ್ದೀನಿ. ಫ್ಲೈಓವರ್ ಅಂದರೆ ಎಲ್ಲರಿಗೂ ಗೊತ್ತು, ಹೆಸರು ಯಾಕೆ ಬಂತು ಅಂತ ಯಾರೂ ಕೇಳೋಲ್ಲ. 1970ರ ದಶಕದ ಕೊನೆಯಲ್ಲಿ, ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳಿಗಾಗಿ ಸರ್ಕಾರದ ಜಾಗದಲ್ಲಿ ಕ್ರೈಸ್ತ ಪಾದ್ರಿಗಳು ಕಟ್ಟಿದ ಪುನರ್ವಸತಿ ಕೇಂದ್ರ ಅದು. ಚಿಕಿತ್ಸೆ ಕೊಟ್ಟು, ಕೆಲಸ ಕಲಿಸಿದರು. ಚರ್ಮದ ಚೀಲ, ಜಾಕೆಟ್ಟು ಹೊಲಿಯೋ ಕಾರ್ಖಾನೆ ಅಲ್ಲಿಯ ಹೆಸರುವಾಸಿ ಕೆಲಸ. ಯಾರ ಚರ್ಮ ನೋಡಿ ಜನ ಓಡುತ್ತಿದ್ದರೋ ಅವರು ಹೊಲಿದ ಚರ್ಮದ ಕೋಟು ಜನ ದುಡ್ಡು ಕೊಟ್ಟು ಹಾಕಿಕೊಂಡರು!

ಒಳಗೆ ಹೋಗೋ ಧೈರ್ಯ ಆಗಲಿಲ್ಲ. ಹತ್ತಿರದ ಟೀ ಅಂಗಡಿಯಲ್ಲಿ ನಿಂತೆ. ಪಕ್ಕದಲ್ಲಿ ಒಬ್ಬರು ತಾತ ಟೀ ಕುಡೀತಾ ಇದ್ದರು. ಬೆರಳುಗಳು ಅರ್ಧ ಇದ್ದವು. ಗ್ಲಾಸನ್ನ ಟವೆಲ್ ಸುತ್ತಿ ಎರಡೂ ಅಂಗೈ ನಡುವೆ ಹಿಡಿದಿದ್ದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯ್ತು.

"ಎಷ್ಟನೇ ಪಟ್ಟಿ ಮಗಾ?"

"ಐದು, ತಾತಾ."

"ತಗೋತಿದೀಯ ತಾನೇ?"

ನಾನು ಸುಮ್ಮನಿದ್ದೆ. ತಾತ ಟೀ ಮುಗಿಸಿ ಗ್ಲಾಸು ಇಟ್ಟರು.

"ನಮ್ಮ ಕಾಲ್ದಾಗೆ ಒಂದೇ ಮಾತ್ರೆ, ವರ್ಷಾನುಗಟ್ಟಲೆ. ನಾನು ಬೇಜಾರು ಬಂದು ಬಿಟ್ಟೆ. ನೋಡು" ಅಂತ ಕೈ ಮುಂದೆ ಮಾಡಿದರು. "ಮೈ ಕಪ್ಪಾದ್ರೆ ಏನಾಯ್ತೋ, ಬೆರಳು ಹತ್ತೂ ಅವೆಯಲ್ಲ ನಿಂಗೆ!"

ಟೀ ದುಡ್ಡು ಕೊಡೋಕೆ ಹೋದೆ. ಅವರೇ ಕೊಟ್ಟಾಗಿತ್ತು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋಗಿ ಒಂಬತ್ತು ದಿನದ ವಿಷಯ ಒಪ್ಪಿಕೊಂಡೆ. ಬೈದರು, ತಿನ್ನಬೇಕಾದ್ದೇ. ಬಿಟ್ಟ ದಿನದ ಲೆಕ್ಕ ಸೇರಿಸಿ 12 ಪಟ್ಟಿ ಪೂರ್ತಿ ಮಾಡಿಸಿದರು.

ನೀರು, ಎಣ್ಣೆ, ತಾಳ್ಮೆ

ಹೊಸ ಚರ್ಮಕ್ಕೆ ಏನು ಹಚ್ಚಿದೆ ಅಂತ ಕೇಳ್ತೀರಿ. ಬೆಳ್ಳಗಾಗೋ ಕ್ರೀಮಾ? ಅಲ್ಲ! ನರ್ಸ್ ಹೇಳಿಕೊಟ್ಟದ್ದು ಎರಡೇ ವಸ್ತು, ಎರಡೂ ಮನೆಯಲ್ಲೇ ಇರೋವು.

ಈ ರೋಗದಲ್ಲಿ ನರ ಕೆಟ್ಟ ಕಡೆ ಬೆವರೂ ಬರೋದಿಲ್ಲ, ಚರ್ಮ ತಾನಾಗಿ ಒದ್ದೆಯಾಗೋದಿಲ್ಲ. ಮೇಲಿಂದ ಮಾತ್ರೆಯೂ ಒಣಗಿಸುತ್ತೆ. ಅದಕ್ಕೆ ದಿನಾ ಸಂಜೆ ಕೈಕಾಲನ್ನ ತಣ್ಣೀರಲ್ಲಿ 20 ನಿಮಿಷ ನೆನೆಸಬೇಕು. ಬಿಸಿನೀರು ಬೇಡವೇ ಬೇಡ, ಸ್ಪರ್ಶ ಇಲ್ಲದ ಕೈಗೆ ಸುಟ್ಟದ್ದು ಗೊತ್ತಾಗೋದಿಲ್ಲ. ಗಟ್ಟಿಯಾದ ಚರ್ಮ ಇದ್ದರೆ ಒರಟು ಕಲ್ಲಿನಿಂದ ಮೆಲ್ಲಗೆ ಉಜ್ಜಬೇಕು. ಆಮೇಲೆ ಒರೆಸದೆ, ಒದ್ದೆ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಬೇಕು. ಹೀರಿದ ನೀರನ್ನ ಎಣ್ಣೆ ಒಳಗೇ ಹಿಡಿದಿಡುತ್ತೆ. ಬಿಸಿಲಿಗೆ ಹೋದರೆ ತುಂಬು ತೋಳಿನ ಅಂಗಿ, ಟೋಪಿ. ಪಾದದ ಸ್ಪರ್ಶ ಹೋದವರಿಗೆ ಮೆತ್ತನೆ ಎಂಸಿಆರ್ ರಬ್ಬರಿನ ಚಪ್ಪಲಿ. ದಿನಾ ರಾತ್ರಿ ಅಂಗಾಲು, ಅಂಗೈ ಕಣ್ಣಿಂದ ನೋಡಿಕೊಳ್ಳಬೇಕು, ಗಾಯ ಆಗಿದ್ದರೆ ಅದು ತಾನಾಗಿ ಹೇಳೋದಿಲ್ಲ.

ಇನ್ನೊಂದು ಎಚ್ಚರಿಕೆ. ಮಾತ್ರೆ ನಡುವೆಯಾಗಲಿ ಮುಗಿದ ಮೇಲಾಗಲಿ ಮಚ್ಚೆ ಕೆಂಪಗೆ ಊದಿದರೆ, ಕೈಕಾಲಿನ ಬಲ ಕುಗ್ಗಿದರೆ, ಕಣ್ಣು ಕೆಂಪಾದರೆ ಅವತ್ತೇ ಆಸ್ಪತ್ರೆಗೆ ಓಡಿ. ಅದಕ್ಕೆ ಬೇರೆ ಔಷಧಿ ಇದೆ. ತಡಮಾಡಿದರೆ ನರ ಹೋಗುತ್ತೆ.

ಹನ್ನೆರಡನೇ ಪಟ್ಟಿ ಮುಗಿದ ದಿನ ಅಮ್ಮ ಪಾಯಸ ಮಾಡಿದಳು. ಮರುದಿನವೇ ಬೆಳ್ಳಗಾಗ್ತೀನಿ ಅಂದುಕೊಂಡು ಕನ್ನಡಿ ಮುಂದೆ ನಿಂತೆ. ಎಲ್ಲಿ? ಬಣ್ಣ ಅಷ್ಟೇ ಇತ್ತು. ಎರಡು ತಿಂಗಳಾದರೂ ಇತ್ತು. ಮೂರನೇ ತಿಂಗಳು ಉಗುರಿನ ಬುಡದ ಹತ್ತಿರ ಒಂದು ಗೆರೆ ತಿಳಿಯಾದಂತೆ ಕಂಡಿತು, ಭ್ರಮೆ ಅಂದುಕೊಂಡೆ. ಐದನೇ ತಿಂಗಳು ಹಾಲಿನ ಅಂಗಡಿ ಆಂಟಿ "ಏನೋ, ಕಳೆ ಬಂದಿದೆಯಲ್ಲೋ ಮುಖದಲ್ಲಿ!" ಅಂದರು. ಭ್ರಮೆ ಅಲ್ಲ! ಈಗ ಎಂಟು ತಿಂಗಳು. ಮುಖ ನನ್ನದೇ ಮುಖ. ಕಾಲಲ್ಲಿ ಇನ್ನೂ ಸ್ವಲ್ಪ ನೆರಳು ಇದೆ. ಕೆಲವರಿಗೆ ವರ್ಷದ ಮೇಲೂ ಹಿಡಿಯುತ್ತಂತೆ. ಹಿಡೀಲಿ.

ಎಲ್ಲವೂ ವಾಪಸ್ ಬಂತಾ ಅಂದರೆ, ಇಲ್ಲ. ಎಡಗೈ ಕಿರುಬೆರಳಿಗೆ ಇವತ್ತಿಗೂ ಬಿಸಿ ತಣ್ಣಗೆ ಗೊತ್ತಾಗೋದಿಲ್ಲ. ಟೀ ಗ್ಲಾಸು ಬಲಗೈಲೇ ಹಿಡೀತೀನಿ. ಮೊದಲನೇ ಮಚ್ಚೆಯ ದಿನವೇ ಆಸ್ಪತ್ರೆಗೆ ಹೋಗಿದ್ದರೆ ಈ ಬೆರಳೂ ಉಳೀತಿತ್ತು. ಮೆಡಿಕಲ್ ಶಾಪಿನ ಟ್ಯೂಬಿಗೆ ನಾನು ತೆತ್ತ ಬೆಲೆ ಇದು.

ಕೊನೇ ರೀಲು

ತಂಗಿಗೆ ಗಂಡು ಗೊತ್ತಾಗಿದೆ. ಕಾಮಾಕ್ಷಿಪಾಳ್ಯದಲ್ಲಿ ಲೇತ್ ಕೆಲಸ ಮಾಡೋ ಹುಡುಗ. ಈ ಸಲವೂ ತಂಗಿ ಮೊದಲೇ ಎಲ್ಲ ಹೇಳಿದಳು. ಅವರು ನಮ್ಮ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿಕೊಂಡು ಬಂದರು. "ವಾಸಿಯಾದ ಮೇಲೆ ಇನ್ನೇನ್ರೀ" ಅಂದರು ಹುಡುಗನ ತಂದೆ.

2019ರವರೆಗೆ ನಮ್ಮ ದೇಶದ ಮದುವೆ ಕಾನೂನುಗಳಲ್ಲಿ ಕುಷ್ಠರೋಗ ವಿಚ್ಛೇದನಕ್ಕೆ ಒಂದು ಕಾರಣವಾಗಿತ್ತು ಗೊತ್ತಾ? ಆ ವರ್ಷ ಪಾರ್ಲಿಮೆಂಟು ಅದನ್ನ ಕಿತ್ತು ಹಾಕಿತು. 2005ರ ಕೊನೆಗೆ ದೇಶದಲ್ಲಿ ರೋಗ ಹತ್ತು ಸಾವಿರಕ್ಕೆ ಒಂದಕ್ಕಿಂತ ಕೆಳಗೆ ಇಳಿಯಿತು ಅಂತ ಘೋಷಣೆಯೂ ಆಯ್ತು. ಆದರೆ ಮುಗಿದಿಲ್ಲ. 2022-23ರಲ್ಲಿ ಕೂಡ ಒಂದು ಲಕ್ಷಕ್ಕೂ ಹೆಚ್ಚು ಹೊಸಬರು ಪತ್ತೆಯಾದರು. ಅವರಲ್ಲಿ ಎಷ್ಟು ಜನ ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಪತ್ರಿಕೆ ಕೊಳ್ಳೋರು ಇರಬಹುದು! ನೀವೇ ಅದನ್ನ ಓದ್ತಾ ಇದ್ದರೆ ಕೇಳಿ: ಮುಟ್ಟಿದರೆ ಗೊತ್ತಾಗದ ಮಚ್ಚೆ ಇದ್ದರೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮಾತ್ರೆ ಪುಕ್ಕಟೆ. ಕಪ್ಪಾದರೆ ಹೆದರಬೇಡಿ. ಕಿಟಕಿಯಿಂದ ಎಸೆಯಬೇಡಿ.

ನಮ್ಮ ಚಿತ್ರಕಥೆಗಾರರಿಗೂ ಒಂದು ಮಾತು. ನಿಮ್ಮ ಖಳನಾಯಕನಿಗೆ ಶಿಕ್ಷೆ ಕೊಡಿ, ಬೇಡ ಅನ್ನೋಲ್ಲ. ಜೈಲಿಗೆ ಹಾಕಿ, ಸಾಲದಲ್ಲಿ ಮುಳುಗಿಸಿ. ಈ ರೋಗವನ್ನ ಮಾತ್ರ ಬಿಟ್ಟುಬಿಡಿ. ಥಿಯೇಟರಿನ ಕತ್ತಲಲ್ಲಿ ಯಾರೋ ಒಬ್ಬ ತುಂಬು ತೋಳಿನ ಅಂಗಿ ಎಳೆದುಕೊಂಡು ಕೂತಿರ್ತಾನೆ.

ಅಂಕಣದ ಮೇಲೆ ನೋಡಿ, ಫೋಟೋ ಹಾಕಿಸಿದ್ದೀನಿ. ಹೊಸದು. ಮೇಕಪ್ ಅಣ್ಣನೇ ನಿಲ್ಲಿಸಿ ತೆಗೆಸಿದರು. "ಪೌಡರ್ ಹಚ್ಚಲಾ?" ಅಂದರು. ಬೇಡ ಅಂದೆ.

ಮುಂದಿನ ವಾರ ಎಂದಿನಂತೆ ಸ್ಟುಡಿಯೋ ಸುದ್ದಿ. ಆ ವಾಪಸ್ ಬಂದ ಚೆಕ್ಕಿನ ಕಥೆ ಇದೆ. ಬರ್ತೀನಿ!